ತಪ್ಪಿನ ವಿಚಾರಣೆಯಿಂದ ನಷ್ಟದ ಲೆಕ್ಕದತ್ತ: ಭಾರತದ ದೇಹಹಾನಿ ಪರಿಹಾರ ಕಾನೂನಿನ ಚರಿತ್ರೆ

ಒಬ್ಬರ ಅಜಾಗರೂಕತೆಯಿಂದಲೋ ಬೇಕೆಂದೇ ಮಾಡಿದ ಕೆಲಸದಿಂದಲೋ ಇನ್ನೊಬ್ಬರ ದೇಹಕ್ಕೆ, ಆಸ್ತಿಗೆ ಅಥವಾ ಮಾನಕ್ಕೆ ಹಾನಿಯಾದಾಗ, ಇಬ್ಬರ ನಡುವೆ ಯಾವ ಕರಾರೂ ಇಲ್ಲದಿದ್ದರೂ, ಹಾನಿ ಮಾಡಿದವರು ಅದನ್ನು ಹಣದ ರೂಪದಲ್ಲಿ ತುಂಬಿಕೊಡಬೇಕೆಂದು ವಿಧಿಸುವ ಕಾನೂನನ್ನು ಇಂಗ್ಲಿಷ್ ಪರಂಪರೆಯಲ್ಲಿ ‘ಟಾರ್ಟ್’ ಎಂದೂ ಕನ್ನಡದ ಕಾನೂನು ಪಠ್ಯಗಳಲ್ಲಿ ‘ಅಪಕೃತ್ಯ’ ಎಂದೂ ಕರೆಯುತ್ತಾರೆ. ತಿರುಚಿದ್ದು, ಸೊಟ್ಟಗಾದದ್ದು ಎಂಬ ಅರ್ಥದ ಲ್ಯಾಟಿನ್ ಮೂಲದಿಂದ ಬಂದ ಟಾರ್ಟ್ ಶಬ್ದಕ್ಕೂ ಅಪರಾಧಕ್ಕೂ ಇರುವ ಅಂತರ ಒಂದೇ ಅಪಘಾತದಲ್ಲಿ ಸ್ಪಷ್ಟವಾಗುತ್ತದೆ. ಲಾರಿಯೊಂದು ದಾರಿಹೋಕನಿಗೆ ಡಿಕ್ಕಿ ಹೊಡೆದರೆ ಪೊಲೀಸರು ಚಾಲಕನ ಮೇಲೆ ಹೂಡುವ ಕ್ರಿಮಿನಲ್ ಮೊಕದ್ದಮೆಯಲ್ಲಿ ವಾದಿ ಸರ್ಕಾರ, ಫಲ ಶಿಕ್ಷೆ. ಗಾಯಗೊಂಡವನೇ ಹೂಡುವ, ಜನರ ಮಾತಿನಲ್ಲಿ ‘ಕ್ಲೇಮ್ ಕೇಸು’ ಎನಿಸಿಕೊಂಡಿರುವ ಇನ್ನೊಂದರಲ್ಲಿ ವಾದಿ ಅವನೇ, ಫಲ ಪರಿಹಾರ. ಈ ಎರಡನೆಯ ಮೊಕದ್ದಮೆ ಭಾರತದಲ್ಲಿ ಕಳೆದ ಒಂದೂವರೆ ಶತಮಾನದಲ್ಲಿ ಪಡೆದ ರೂಪಾಂತರವನ್ನು ಪರಿಶೀಲಿಸಿದರೆ, ‘ತಪ್ಪು ಯಾರದು’ ಎಂಬ ಪ್ರಶ್ನೆ ಕ್ರಮೇಣ ಹಿಂದೆ ಸರಿದು ‘ಕಳೆದುಹೋದದ್ದೆಷ್ಟು’ ಎಂಬ ಪ್ರಶ್ನೆ ಮುಂದೆ ಬಂದದ್ದು ಕಾಣುತ್ತದೆ. ಮೊದಲನೆಯದಕ್ಕಿಂತ ಎರಡನೆಯದು ಸುಲಭವೇನಲ್ಲ ಎಂಬುದಕ್ಕೂ ಈ ಚರಿತ್ರೆಯಲ್ಲೇ ಸಾಕ್ಷ್ಯವಿದೆ.

ಇಂಗ್ಲೆಂಡಿನ ಸಾಮಾನ್ಯ ಕಾನೂನಿನಲ್ಲಿ, ಎಂದರೆ ಶಾಸನಸಭೆಗಿಂತ ಹೆಚ್ಚಾಗಿ ನ್ಯಾಯಾಧೀಶರ ತೀರ್ಪುಗಳಿಂದ ಬೆಳೆದ ಕಾನೂನಿನಲ್ಲಿ, ಗಾಯಕ್ಕೆ ಪರಿಹಾರವಿತ್ತು, ಸಾವಿಗೆ ಇರಲಿಲ್ಲ. 1808ರ ಬೇಕರ್ ವಿರುದ್ಧ ಬೋಲ್ಟನ್ ಮೊಕದ್ದಮೆಯಲ್ಲಿ ಮದ್ಯದಂಗಡಿಯ ಯಜಮಾನನೊಬ್ಬ ಹೆಂಡತಿಯೊಡನೆ ಬಾಡಿಗೆ ಕುದುರೆಗಾಡಿಯ ಮೇಲ್ಭಾಗದಲ್ಲಿ ಕುಳಿತು ಪ್ರಯಾಣಿಸುತ್ತಿದ್ದಾಗ ಗಾಡಿ ಉರುಳಿ, ಆತನಿಗೆ ಪೆಟ್ಟಾಗಿ, ಹೆಂಡತಿ ಸುಮಾರು ಒಂದು ತಿಂಗಳ ನಂತರ ತೀರಿಕೊಂಡಳು. ಅಂಗಡಿಯ ವ್ಯವಹಾರದಲ್ಲಿ ಆಕೆ ತನಗೆ ಎಷ್ಟೋ ನೆರವಾಗುತ್ತಿದ್ದಳೆಂದು ಆತ ಹೇಳಿಕೊಂಡಾಗ ಮುಖ್ಯ ನ್ಯಾಯಾಧೀಶ ಲಾರ್ಡ್ ಎಲೆನ್‌ಬರೊ, ಮನುಷ್ಯನ ಸಾವು ಸಿವಿಲ್ ನ್ಯಾಯಾಲಯದಲ್ಲಿ ದೂರಬಹುದಾದ ಹಾನಿಯಲ್ಲವೆಂದೂ, ಹೆಂಡತಿಯ ಸಾಂಗತ್ಯ ಮತ್ತು ನೆರವು ತಪ್ಪಿದ್ದಕ್ಕೆ ಆಕೆ ಬದುಕಿದ್ದ ದಿನಗಳವರೆಗೆ ಮಾತ್ರ ಲೆಕ್ಕ ಹಿಡಿಯಬೇಕೆಂದೂ ವಿಧಿಸಿದ. ಜ್ಯೂರಿ ನೀಡಿದ್ದು ನೂರು ಪೌಂಡು. ಗಾಯಗೊಳಿಸುವುದಕ್ಕಿಂತ ಕೊಂದುಹಾಕುವುದೇ ಅಗ್ಗವೆನಿಸುವ ಈ ವಿಚಿತ್ರ ನಿಯಮ, ಮಾರಣಾಂತಿಕ ಅಪಘಾತಗಳ ದೇಹಹಾನಿ ಕಾನೂನಿಗೆಲ್ಲ ಆರಂಭಬಿಂದುವಾಗಿದೆ.

ರೈಲು ಬಂದ ಮೇಲೆ ಈ ನಿಯಮ ನಿಲ್ಲುವಂತಿರಲಿಲ್ಲ. ಸಾವಿಗೆ ಕಾರಣವಾದ ವಸ್ತುವನ್ನೋ ಅದರ ಬೆಲೆಯನ್ನೋ ದೊರೆಗೆ ಮುಟ್ಟುಗೋಲು ಹಾಕುವ ‘ಡಿಯೋಡ್ಯಾಂಡ್’ ಎಂಬ ಮಧ್ಯಯುಗದ ಪದ್ಧತಿಯನ್ನು ಜ್ಯೂರಿಗಳು ಈ ಕಾಲದಲ್ಲಿ ಮತ್ತೆ ಹೊರತೆಗೆದು, 1841ರ ಡಿಸೆಂಬರಿನಲ್ಲಿ ಸಾನಿಂಗ್ ಎಂಬಲ್ಲಿ ಗ್ರೇಟ್ ವೆಸ್ಟರ್ನ್ ರೈಲು ಹಳಿ ತಪ್ಪಿ ಪ್ರಯಾಣಿಕರು ಸತ್ತಾಗ ಎಂಜಿನ್ನು ಮತ್ತು ಗಾಡಿಗಳ ಮೇಲೆ 1,000 ಪೌಂಡು ಹೇರಿದವು. ಹಿಂದೆ ಗಾಡಿಯ ಚಕ್ರಕ್ಕೂ ಹಾಯುವ ಹೋರಿಗೂ ಅನ್ವಯಿಸುತ್ತಿದ್ದ ದಂಡ ಹೀಗೆ ಉಗಿಯಂತ್ರಕ್ಕೂ ಬಂದದ್ದು ರೈಲು ಕಂಪನಿಗಳಿಗೆ ಹಿಡಿಸಲಿಲ್ಲ. 1846ರಲ್ಲಿ ಸಂಸತ್ತು ಡಿಯೋಡ್ಯಾಂಡನ್ನು ರದ್ದುಮಾಡಿ, ಅದೇ ವರ್ಷ ಲಾರ್ಡ್ ಕ್ಯಾಂಪ್‌ಬೆಲ್ ಮಂಡಿಸಿದ ಶಾಸನದ ಮೂಲಕ ಮೃತನ ಹೆಂಡತಿ, ಗಂಡ, ತಂದೆತಾಯಿ ಮತ್ತು ಮಕ್ಕಳಿಗೆ ಪರಿಹಾರ ಕೇಳುವ ಹಕ್ಕು ಕೊಟ್ಟಿತು. ಒಂಬತ್ತು ವರ್ಷಗಳಲ್ಲಿ ಅದರ ಭಾರತೀಯ ರೂಪ, 1855ರ 13ನೆಯ ಕಾಯಿದೆಯಾಗಿ, ಮಾರಣಾಂತಿಕ ಅಪಘಾತಗಳ ಕಾಯಿದೆ ಎಂಬ ಹೆಸರಿನಲ್ಲಿ ಜಾರಿಗೆ ಬಂದಿತು. ಇಲ್ಲಿ ಮೊದಲ ರೈಲು ಓಡಿ ಆಗ ಎರಡೇ ವರ್ಷವಾಗಿತ್ತು.

ಅಪಕೃತ್ಯ ಕಾನೂನನ್ನು ಇಡಿಯಾಗಿ ಸಂಹಿತೆಗೆ ಇಳಿಸುವ ಪ್ರಯತ್ನವೂ ನಡೆಯದೆ ಇರಲಿಲ್ಲ. ಕರಾರು, ಸಾಕ್ಷ್ಯ, ದಂಡಸಂಹಿತೆ ಇವೆಲ್ಲ ಕಲಮುಗಳಾಗಿ ಅಚ್ಚಾದ ಕಾಲದಲ್ಲಿಯೇ ಸರ್ ಫ್ರೆಡರಿಕ್ ಪೊಲಾಕ್ ಭಾರತಕ್ಕಾಗಿ 1886ರಲ್ಲಿ ಸಿವಿಲ್ ಅಪಕೃತ್ಯಗಳ ಮಸೂದೆಯನ್ನು ಸಿದ್ಧಪಡಿಸಿದ್ದನಾದರೂ ಅದು ಕಾಯಿದೆಯಾಗಲೇ ಇಲ್ಲ. ಪರಿಣಾಮವಾಗಿ ನ್ಯಾಯಾಲಯಗಳು ‘ನ್ಯಾಯ, ಸಮತೆ ಮತ್ತು ಒಳ್ಳೆಯ ಅಂತಃಸಾಕ್ಷಿ’ ಎಂಬ ಸೂತ್ರವನ್ನು ಹಿಡಿದು ನಡೆಯಬೇಕಾಯಿತು. ಪ್ರಿವಿ ಕೌನ್ಸಿಲ್ 1887ರಲ್ಲಿ ಆ ಸೂತ್ರಕ್ಕೆ, ಭಾರತದ ಸಮಾಜಕ್ಕೆ ಹೊಂದುವಷ್ಟರ ಮಟ್ಟಿಗಿನ ಇಂಗ್ಲಿಷ್ ಕಾನೂನು ಎಂಬ ಅರ್ಥವನ್ನು ಸ್ಥಿರಗೊಳಿಸಿತು. ಅಂತಃಸಾಕ್ಷಿಯನ್ನು ಲಂಡನ್ನಿನಿಂದ ತರಿಸಿಕೊಳ್ಳುವ ಈ ಏರ್ಪಾಡು, ಹೊರನೋಟಕ್ಕೆ ಕಂಡಷ್ಟು ಯಾಂತ್ರಿಕವಾಗಿ ಜಾರಿಯಾಗಲಿಲ್ಲ.

ಆ ಅರ್ಥ ಸ್ಥಿರವಾಗುವುದಕ್ಕೂ ಮೊದಲೇ, 1861ರಲ್ಲಿ, ಕಲ್ಕತ್ತೆಯ ಸುಪ್ರೀಂ ಕೋರ್ಟು ತೀರ್ಮಾನಿಸಿದ ಮೊಕದ್ದಮೆ ಇದಕ್ಕೆ ನಿದರ್ಶನವಾಗಿದೆ. ಕಿದಿರ್‌ಪುರದ ಸರ್ಕಾರಿ ಹಡಗುಕಟ್ಟೆಯ ಕೂಲಿಯಾಳುಗಳು ಭಾರವಾದ ಕಬ್ಬಿಣದ ಭಾಗವೊಂದನ್ನು ಹೊತ್ತು ರಸ್ತೆ ದಾಟುತ್ತಿದ್ದಾಗ ಹಿಂದಿನಿಂದ ಬಂದ ಕುದುರೆಗಾಡಿಯನ್ನು ಕಂಡು ಗಾಬರಿಯಾಗಿ ಅದನ್ನು ನೆಲಕ್ಕೆ ಹಾಕಿದರು. ಆ ಸದ್ದಿಗೆ ಬೆದರಿ ಮುನ್ನುಗ್ಗಿದ ಕುದುರೆಗಳಲ್ಲಿ ಒಂದಕ್ಕೆ ಗಾಯವಾಯಿತು. ಗಾಡಿಯ ಒಡೆತನವಿದ್ದ ಹಡಗು ಕಂಪನಿ ಸರ್ಕಾರದ ಮೇಲೆ ಹಾಕಿದ ದಾವೆಯ ಮೊತ್ತ 350 ರೂಪಾಯಿ. ದೊರೆಯ ಅಧಿಕಾರವನ್ನು ಚಲಾಯಿಸುವ ಕೆಲಸ ಬೇರೆ, ಯಾವ ಖಾಸಗಿಯವನೂ ಮಾಡಬಹುದಾದ ಕೆಲಸ ಬೇರೆ, ಹಡಗು ರಿಪೇರಿ ಎರಡನೆಯ ಬಗೆಯದು, ಆದ್ದರಿಂದ ಸರ್ಕಾರ ಹೊಣೆ ಎಂದು ಮುಖ್ಯ ನ್ಯಾಯಾಧೀಶ ಸರ್ ಬಾರ್ನ್ಸ್ ಪೀಕಾಕ್ ಹೇಳಿದ. ಒಂದು ಕುದುರೆಯ ಗಾಯದಿಂದ ಹುಟ್ಟಿದ ಈ ಭೇದದ ನೆರಳು ಸ್ವತಂತ್ರ ಭಾರತದ ಮೇಲೂ ಬಿದ್ದಿತು: 1962ರಲ್ಲಿ ರಾಜಸ್ಥಾನದ ಸರ್ಕಾರಿ ಜೀಪು ಪಾದಚಾರಿಯೊಬ್ಬನನ್ನು ಬಲಿ ತೆಗೆದುಕೊಂಡ ಪ್ರಕರಣದಲ್ಲಿ ಸರ್ಕಾರವನ್ನು ಹೊಣೆಯಾಗಿಸಿದ ಸುಪ್ರೀಂ ಕೋರ್ಟು, ಕೆಲವೇ ವರ್ಷಗಳಲ್ಲಿ, ಪೊಲೀಸ್ ಮಾಲಖಾನೆಯಿಂದ ಚಿನ್ನ ಕಳವಾದ ಕಸ್ತೂರಿಲಾಲ್ ಪ್ರಕರಣದಲ್ಲಿ ಅದೇ ಭೇದವನ್ನು ಆಧರಿಸಿ ಸರ್ಕಾರವನ್ನು ಬಿಟ್ಟುಬಿಟ್ಟಿತು.

ಕಾರ್ಖಾನೆಯ ಕಥೆ ಸ್ವಲ್ಪ ಬೇರೆ. 1837ರ ಪ್ರೀಸ್ಟ್ಲಿ ವಿರುದ್ಧ ಫೌಲರ್ ತೀರ್ಪಿನಿಂದ ಬೆಳೆದ ‘ಸಮಾನ ಉದ್ಯೋಗ’ ತತ್ತ್ವದ ಪ್ರಕಾರ, ಜೊತೆ ಕೆಲಸಗಾರನ ಅಜಾಗರೂಕತೆಯಿಂದ ಪೆಟ್ಟು ತಿಂದ ಆಳು ಯಜಮಾನನಿಂದ ಪರಿಹಾರ ಕೇಳುವಂತಿರಲಿಲ್ಲ, ಏಕೆಂದರೆ ಆ ಅಪಾಯವನ್ನು ಅವನು ಕೂಲಿಯ ಜೊತೆಗೇ ಒಪ್ಪಿಕೊಂಡಿದ್ದಾನೆಂದು ಭಾವಿಸಲಾಗುತ್ತಿತ್ತು. ಭಾರತದ 1923ರ ಕಾರ್ಮಿಕರ ನಷ್ಟಪರಿಹಾರ ಕಾಯಿದೆ ಈ ತರ್ಕವನ್ನು ಬದಿಗಿಟ್ಟು, ಕೆಲಸದ ನಡುವೆ ಕೆಲಸದಿಂದಲೇ ಆದ ಗಾಯವೆಂದು ತೋರಿಸಿದರೆ ಸಾಕು, ಯಜಮಾನನ ತಪ್ಪನ್ನು ರುಜುವಾತುಪಡಿಸಬೇಕಿಲ್ಲ ಎಂದಿತು. ಯಾವ ಬೆರಳು ಹೋದರೆ ದುಡಿಮೆಯ ಶಕ್ತಿ ಶೇಕಡಾ ಎಷ್ಟು ಹೋದಂತೆ ಎಂಬ ಅನುಸೂಚಿಯನ್ನೂ ಜೋಡಿಸಿತು. ಮುಂದೆ ಇಡೀ ಕ್ಷೇತ್ರವನ್ನು ಆವರಿಸಲಿದ್ದ ಕೋಷ್ಟಕದ ವಿಧಾನಕ್ಕೆ ಇಲ್ಲಿ ಅಂಕುರಾರ್ಪಣವಾಯಿತು.

ಆದರೆ ದೇಹಹಾನಿ ಕಾನೂನು ಭಾರತದಲ್ಲಿ ಮನೆಮಾತಾದದ್ದು ರಸ್ತೆಯಿಂದ. 1939ರ ಮೋಟಾರು ವಾಹನ ಕಾಯಿದೆ ‘ಮೂರನೆಯ ವ್ಯಕ್ತಿ’ಗೆ, ಅಂದರೆ ವಿಮೆ ಮಾಡಿಸಿದವನೂ ಅಲ್ಲದ ವಿಮಾ ಕಂಪನಿಯೂ ಅಲ್ಲದ ದಾರಿಹೋಕನಿಗೆ, ಆಗುವ ಹಾನಿಯ ವಿಮೆಯನ್ನು ಕಡ್ಡಾಯಗೊಳಿಸಿತು, ಆ ಅಧ್ಯಾಯ ಜಾರಿಗೆ ಬಂದದ್ದು 1946ರಲ್ಲಿ. ವಿಮೆ ಕಡ್ಡಾಯವಾದೊಡನೆ ದಾವೆಯ ಸ್ವರೂಪವೇ ಬದಲಾಯಿತು, ಏಕೆಂದರೆ ತಪ್ಪು ಚಾಲಕನದಾದರೂ ಹಣ ಕೊಡುವವರು ವಿಮೆಯವರಾದರು. 1956ರ ತಿದ್ದುಪಡಿಯು, ದಾವೆಯ ಮೊತ್ತಕ್ಕೆ ತಕ್ಕ ಕೋರ್ಟ್ ಶುಲ್ಕ ಕಟ್ಟಿ ಸಿವಿಲ್ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಕಾಯುವುದನ್ನು ತಪ್ಪಿಸಲು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗಳಿಗೆ ಅವಕಾಶ ಕಲ್ಪಿಸಿತು. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯವೇ ಈ ನ್ಯಾಯಮಂಡಳಿಯಾಗಿ ಕೆಲಸ ಮಾಡುತ್ತದೆ, ಎಂ.ವಿ.ಸಿ. ಸಂಖ್ಯೆ ಹೊತ್ತ ಅಲ್ಲಿನ ಕಡತದಲ್ಲಿ ಪ್ರಥಮ ವರ್ತಮಾನ ವರದಿ, ಸ್ಥಳ ಮಹಜರು, ಗಾಯದ ಪ್ರಮಾಣಪತ್ರ, ಆಸ್ಪತ್ರೆಯ ಬಿಲ್ಲುಗಳು ಒಂದರ ಹಿಂದೊಂದು ಇರುತ್ತವೆ.

ಹೀಗಿದ್ದೂ ಚಾಲಕನ ನಿರ್ಲಕ್ಷ್ಯವನ್ನು ರುಜುವಾತುಪಡಿಸುವ ಹೊರೆ ತಪ್ಪಿರಲಿಲ್ಲ. ನಿರ್ಲಕ್ಷ್ಯವೆಂದರೆ ಕಾನೂನಿನಲ್ಲಿ ಮನಸ್ಸಿನ ಉದಾಸೀನತೆಯಲ್ಲ, ವಿವೇಕವುಳ್ಳ ಸಾಮಾನ್ಯನು ವಹಿಸಬಹುದಾದ ಎಚ್ಚರವನ್ನು ವಹಿಸದಿರುವುದು. 1977ರ ಮೀನು ಬಿ. ಮೆಹ್ತಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಈ ಹೊರೆ ಉಳಿದಿದೆಯೆಂದು ಸ್ಪಷ್ಟಪಡಿಸಿದ್ದರಿಂದ ಶಾಸನವೇ ಮುಂದೆ ಬರಬೇಕಾಯಿತು. 1982ರ ತಿದ್ದುಪಡಿಯು ತಪ್ಪು ಯಾರದೆಂದು ಕೇಳದೆಯೇ ಸಾವಿಗೆ 15,000, ಶಾಶ್ವತ ಅಂಗವೈಕಲ್ಯಕ್ಕೆ 7,500 ರೂಪಾಯಿ ಕೊಡಿಸಿತು. 1988ರ ಹೊಸ ಕಾಯಿದೆ ಆ ಮೊತ್ತಗಳನ್ನು 25,000 ಮತ್ತು 12,000ಕ್ಕೆ, 1994ರ ತಿದ್ದುಪಡಿ 50,000 ಮತ್ತು 25,000ಕ್ಕೆ ಏರಿಸಿದವು. ಇದರ ನಡುವೆ 1987ರಲ್ಲಿ, ಕರ್ನಾಟಕದವರಾದ ನ್ಯಾಯಮೂರ್ತಿ ಇ.ಎಸ್. ವೆಂಕಟರಾಮಯ್ಯ ಅವರು ಗುಜರಾತಿನ ಸಾರಿಗೆ ನಿಗಮದ ಪ್ರಕರಣವೊಂದರಲ್ಲಿ, ಮೃತನ ಸೋದರರೂ ಪರಿಹಾರ ಕೇಳಬಹುದೆಂದು ತೀರ್ಪಿತ್ತು, ಹೆಂಡತಿ, ಗಂಡ, ತಂದೆತಾಯಿ, ಮಕ್ಕಳು ಎಂಬ 1855ರ ಇಕ್ಕಟ್ಟಾದ ಪಟ್ಟಿಯಿಂದ ಮೋಟಾರು ಕಾನೂನನ್ನು ಬಿಡಿಸಿದರು. ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಆಸರೆಯಾಗಿರುವ ಕುಟುಂಬಗಳ ದೇಶಕ್ಕೆ ವಿಕ್ಟೋರಿಯಾ ಕಾಲದ ಕುಟುಂಬದ ಅಳತೆಗೋಲು ಒಗ್ಗುವುದಿಲ್ಲವೆಂಬುದನ್ನು ಒಪ್ಪಿಕೊಳ್ಳಲು ಕಾನೂನಿಗೆ 132 ವರ್ಷ ಹಿಡಿಯಿತು.

ತಪ್ಪಿನ ಪ್ರಶ್ನೆ ಸಡಿಲವಾದಂತೆ ಗಣಿತ ಬಿಗಿಯಾಯಿತು. ಮೃತನ ಸಂಪಾದನೆಯಲ್ಲಿ ಕುಟುಂಬಕ್ಕೆ ಸಲ್ಲುತ್ತಿದ್ದ ವಾರ್ಷಿಕ ಪಾಲನ್ನು ಅವನ ವಯಸ್ಸಿಗೆ ತಕ್ಕ ಸಂಖ್ಯೆಯಿಂದ ಗುಣಿಸುವ ವಿಧಾನಕ್ಕೆ ‘ಗುಣಕ’ ಪದ್ಧತಿಯೆಂದು ಹೆಸರು. 1994ರ ತಿದ್ದುಪಡಿ ಇದನ್ನು ಎರಡನೆಯ ಅನುಸೂಚಿಯಾಗಿ ಮುದ್ರಿಸಿತು. ಅದರಲ್ಲಿ ಲೆಕ್ಕದ ತಪ್ಪುಗಳಿವೆಯೆಂದು ಎರಡೇ ವರ್ಷಗಳಲ್ಲಿ ಸುಪ್ರೀಂ ಕೋರ್ಟೇ ಎತ್ತಿ ತೋರಿಸಬೇಕಾಗಿ ಬಂದದ್ದು ಶಾಸನ ರಚನೆಯ ಚರಿತ್ರೆಯಲ್ಲಿ ಹೆಮ್ಮೆಯ ಸಂಗತಿಯಲ್ಲ. ಒಂದೊಂದು ನ್ಯಾಯಮಂಡಳಿ ಒಂದೊಂದು ಗುಣಕ ಹಿಡಿಯುತ್ತಿದ್ದ ಗೊಂದಲಕ್ಕೆ, ಕರ್ನಾಟಕ ಹೈಕೋರ್ಟಿನಿಂದ ಬಂದಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರು ಬರೆದ 2009ರ ಸರಳಾ ವರ್ಮಾ ತೀರ್ಪು ಬಹುಮಟ್ಟಿಗೆ ತೆರೆ ಎಳೆಯಿತು. 2017ರಲ್ಲಿ ಪ್ರಣಯ್ ಸೇಥಿ ಪ್ರಕರಣದ ಸಂವಿಧಾನ ಪೀಠ ಅದಕ್ಕೆ ಭವಿಷ್ಯದ ಆದಾಯ ವೃದ್ಧಿಯ ದರಗಳನ್ನು ಸೇರಿಸಿತು. ತಿಂಗಳಿಗೆ 12,000 ರೂಪಾಯಿ ದುಡಿಯುತ್ತಿದ್ದ, ಹೆಂಡತಿ, ಇಬ್ಬರು ಮಕ್ಕಳು ಮತ್ತು ತಾಯಿಯನ್ನು ಸಾಕುತ್ತಿದ್ದ 32 ವರ್ಷದ ಗಾರೆ ಕೆಲಸದವನೊಬ್ಬ ರಸ್ತೆಯಲ್ಲಿ ಸತ್ತನೆಂದು ಊಹಿಸಿದರೆ, ವರ್ಷದ 1,44,000ಕ್ಕೆ ಸ್ವಂತ ದುಡಿಮೆಯವರಿಗೆ ಸಲ್ಲುವ ಶೇಕಡಾ 40 ಸೇರಿ 2,01,600 ಆಗುತ್ತದೆ. ಅವಲಂಬಿತರು ನಾಲ್ವರಾದ್ದರಿಂದ ಅವನ ಸ್ವಂತ ಖರ್ಚಿಗೆಂದು ಕಾಲುಭಾಗ ಕಳೆದರೆ 1,51,200 ಉಳಿಯುತ್ತದೆ. 31ರಿಂದ 35ರ ವಯೋಮಾನದ ಗುಣಕ 16ರಿಂದ ಗುಣಿಸಿದರೆ 24,19,200 ರೂಪಾಯಿ ಬರುತ್ತದೆ. ಅಂತ್ಯಕ್ರಿಯೆ, ಸಾಂಗತ್ಯನಷ್ಟ ಮುಂತಾದ ಬಾಬ್ತುಗಳು ಇದರ ಮೇಲೆ ಸೇರುತ್ತವೆ.

ಈ ಲೆಕ್ಕದಲ್ಲಿ ಅಲುಗಾಡುವ ಅಂಕಿಯೆಂದರೆ ಮೊದಲನೆಯದೇ. ಗಾರೆ ಕೆಲಸದವನ ಕೂಲಿಗೆ ಚೀಟಿಯೂ ಇಲ್ಲ, ಪಾಸ್‌ಬುಕ್ಕೂ ಇಲ್ಲ. ಆದ್ದರಿಂದ ನ್ಯಾಯಾಲಯಗಳು ‘ಕಲ್ಪಿತ ಆದಾಯ’ವನ್ನು ಹಿಡಿಯುತ್ತವೆ, ಕರ್ನಾಟಕದಲ್ಲಿ ಲೋಕ ಅದಾಲತ್ತಿನ ರಾಜಿಗಳಿಗಾಗಿ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಸಿದ್ಧಪಡಿಸಿದ ವರ್ಷವಾರು ಪಟ್ಟಿಯನ್ನು ಹೈಕೋರ್ಟೂ ಅನೇಕ ಸಲ ಆಧರಿಸಿದೆ. ಬದುಕುಳಿದ ಗಾಯಾಳುವಿನ ವಿಷಯದಲ್ಲಿ ಪ್ರಶ್ನೆ ಇನ್ನೂ ಸೂಕ್ಷ್ಮ. ವೈದ್ಯರು ಬರೆದುಕೊಡುವ ಅಂಗವೈಕಲ್ಯದ ಶೇಕಡಾವಾರು ಅಂಗಕ್ಕೆ ಸಂಬಂಧಿಸಿದ್ದು, ಅದೇ ದುಡಿಮೆಯ ನಷ್ಟದ ಪ್ರಮಾಣವಲ್ಲ ಎಂದು 2010ರ ರಾಜ್ ಕುಮಾರ್ ತೀರ್ಪಿನಲ್ಲಿ ನ್ಯಾಯಮೂರ್ತಿ ರವೀಂದ್ರನ್ ವಿವರಿಸಿದರು: ಎಡಗೈ ಕಳೆದುಕೊಂಡ ಚಾಲಕ ಅಥವಾ ಬಡಗಿಯ ಕಸುಬು ಹೆಚ್ಚುಕಡಿಮೆ ಪೂರ್ತಿ ಹೋದಂತೆ, ಅದೇ ಕೈ ಕಳೆದುಕೊಂಡ ಸರ್ಕಾರಿ ಗುಮಾಸ್ತ ತನ್ನ ಕುರ್ಚಿಯಲ್ಲಿ ಮುಂದುವರಿಯಬಲ್ಲ.

ಇನ್ನು, 1808ರ ಮದ್ಯದಂಗಡಿಯವನ ಹೆಂಡತಿಯ ಪ್ರಶ್ನೆ ಭಾರತದ ನ್ಯಾಯಾಲಯಗಳನ್ನೂ ಬಿಡಲಿಲ್ಲ. 1994ರ ಅನುಸೂಚಿ, ಸಂಪಾದನೆಯಿಲ್ಲದ ಸತಿ ಅಥವಾ ಪತಿಯ ಆದಾಯವನ್ನು ದುಡಿಯುವ ಸಂಗಾತಿಯ ಆದಾಯದ ಮೂರನೆಯ ಒಂದು ಭಾಗವೆಂದು ನಿಗದಿಪಡಿಸಿತ್ತು. ಇದರ ಪ್ರಕಾರ ಗೃಹಿಣಿಯ ಕೆಲಸದ ಬೆಲೆ ಆಕೆ ಮಾಡಿದ ಕೆಲಸವನ್ನಲ್ಲ, ಗಂಡನ ಸಂಬಳವನ್ನು ಅವಲಂಬಿಸಿತ್ತು. 1989ರ ಜಮ್‌ಷೆಡ್‌ಪುರದ ಅಗ್ನಿ ದುರಂತದ ಪರಿಹಾರ ಕುರಿತ 2001ರ ಲತಾ ವಾಧ್ವಾ ತೀರ್ಪು 34ರಿಂದ 59 ವರ್ಷದ ಗೃಹಿಣಿಯರ ಸೇವೆಗೆ ತಿಂಗಳಿಗೆ 3,000 ರೂಪಾಯಿ ಕಟ್ಟಿತು. 2010ರಲ್ಲಿ ಸುಪ್ರೀಂ ಕೋರ್ಟು, ಜನಗಣತಿಯು ಗೃಹಿಣಿಯರನ್ನು ಭಿಕ್ಷುಕರು ಮತ್ತು ಕೈದಿಗಳೊಡನೆ ದುಡಿಯದವರ ಸಾಲಿಗೆ ಸೇರಿಸಿದ್ದನ್ನು ಕಟುವಾಗಿ ಟೀಕಿಸಿತು. 2019ರ ತಿದ್ದುಪಡಿಯ ಹೊಸ ಏರ್ಪಾಡು 2022ರ ಏಪ್ರಿಲ್‌ನಲ್ಲಿ ಜಾರಿಗೆ ಬಂದು ಹಳೆಯ ಅನುಸೂಚಿಯ ಕಲಮನ್ನು ತೆಗೆದುಹಾಕಿ, ತಪ್ಪು ಕೇಳದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಗೊತ್ತುಮಾಡಿತಾದರೂ, ಪರಿಹಾರದ ಅರ್ಜಿ ಹಾಕಲು ಇದ್ದ, 1994ರಲ್ಲಿ ಕೈಬಿಟ್ಟಿದ್ದ ಆರು ತಿಂಗಳ ಗಡುವನ್ನು ಮತ್ತೆ ತಂದಿತು. ಅದಕ್ಕೆ ಸ್ವಲ್ಪ ಮೊದಲು, 2021ರ ಜನವರಿಯ ಕೀರ್ತಿ ಪ್ರಕರಣದ ತೀರ್ಪಿನಲ್ಲಿ ನ್ಯಾಯಮೂರ್ತಿ ಎನ್.ವಿ. ರಮಣ ಅವರು ಗೃಹಿಣಿಯ ಕಲ್ಪಿತ ಆದಾಯವನ್ನು ಸಮರ್ಥಿಸುತ್ತ ಆಧರಿಸಿದ್ದು 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಎರಡು ಅಂಕಿಗಳನ್ನು: ಮನೆಯವರಿಗಾಗಿ ಸಂಬಳವಿಲ್ಲದೆ ಮಾಡುವ ಗೃಹಕೃತ್ಯಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸಿದರೆ, ಗಂಡಸರು 97 ನಿಮಿಷ.