ಮೋಡೆಮ್ ಕಾಲದ ಒಂದು ಚರಿತ್ರೆ

ಹೊಟ್ಟೆಪಾಡಿಗಾಗಿ ಪಿಂಪ್ರಿ-ಚಿಂಚವಾಡಕ್ಕೆ ಬಂದು ನೆಲೆಸಿದ ಕನ್ನಡಿಗರಾದ ನಮಗೆ ಊರಿನ ಸುದ್ದಿ ತಿಳಿಯುವ ದಾರಿಗಳು ಕಾಲಕಾಲಕ್ಕೆ ಬದಲಾಗುತ್ತ ಬಂದಿವೆ. ಮೊದಲು ಇನ್‌ಲ್ಯಾಂಡ್ ಕಾಗದ, ಅನಂತರ ಎಸ್.ಟಿ.ಡಿ. ಬೂತು, ಈಗ ಅಂಗೈಯಲ್ಲಿನ ಮೊಬೈಲು. ಇವುಗಳ ನಡುವೆ ಹತ್ತು ಹನ್ನೆರಡು ವರ್ಷ ಬಾಳಿ ಮರೆಯಾದ ಇನ್ನೊಂದು ಸಾಧನವುಂಟು. ಅದೇ ಮೋಡೆಮ್. ಅದರ ಚರಿತ್ರೆಯನ್ನು ನಾವು ಇಲ್ಲಿ ಸಂಗ್ರಹವಾಗಿ ನೋಡೋಣ.

ನಮ್ಮ ದೇಶದ ಸಾಮಾನ್ಯ ಜನರಿಗೆ ಅಂತರಜಾಲದ ಬಾಗಿಲು ತೆರೆದದ್ದು 1995ನೆಯ ಇಸವಿಯ ಆಗಸ್ಟ್ 15ರಂದು. ವಿದೇಶ್ ಸಂಚಾರ್ ನಿಗಮವು ಮೊದಲು ಮುಂಬಯಿ, ದೆಹಲಿ, ಕಲಕತ್ತೆ, ಮದರಾಸುಗಳಲ್ಲಿ ಈ ಸೇವೆಯನ್ನು ಆರಂಭಿಸಿತು. ಆಮೇಲೆ ಅದು ಬೆಂಗಳೂರಿಗೂ ಪುಣೆಗೂ ಬಂದಿತು. ವ್ಯಕ್ತಿಗಳಿಗೆ 250 ಗಂಟೆಗೆ 5,000 ರೂಪಾಯಿ ಶುಲ್ಕ. ದೂರವಾಣಿ ಕರೆಯ ವೆಚ್ಚ ಬೇರೆ. ವೇಗವಾದರೋ ಸೆಕೆಂಡಿಗೆ 9,600 ಬಿಟ್. ನೂರು ಕಿಲೋಬೈಟಿನ ಒಂದು ಚಿತ್ರ ಇಳಿಯಲು ಸುಮಾರು ಒಂದೂವರೆ ನಿಮಿಷ ಹಿಡಿಯುತ್ತಿತ್ತು. 1998ರಲ್ಲಿ ಖಾಸಗಿಯವರಿಗೂ ಅನುಮತಿ ದೊರೆತ ಮೇಲೆ ಈ ಸೇವೆ ಮಧ್ಯಮ ವರ್ಗದ ಮನೆಗಳ ಕೈಗೆಟುಕತೊಡಗಿತು.

ಮೋಡೆಮ್ ಮಾಡುತ್ತಿದ್ದ ಕೆಲಸವೇನು? ದೂರವಾಣಿಯ ತಂತಿಯ ವ್ಯವಸ್ಥೆ ಮನುಷ್ಯನ ಮಾತಿಗಾಗಿ ರೂಪುಗೊಂಡದ್ದು. ಸೆಕೆಂಡಿಗೆ 300ರಿಂದ 3,400 ಕಂಪನಗಳವರೆಗಿನ ಧ್ವನಿಯನ್ನಷ್ಟೇ ಅದು ಒಯ್ಯುತ್ತಿತ್ತು. ಗಣಕಯಂತ್ರಕ್ಕೆ ಗೊತ್ತಿರುವುದು ಸೊನ್ನೆ ಮತ್ತು ಒಂದು ಮಾತ್ರ. ಈ ಸೊನ್ನೆ-ಒಂದುಗಳನ್ನು ಧ್ವನಿಯಾಗಿಸಿ ಕಳಿಸುವುದು, ಆ ಕಡೆಯಿಂದ ಬಂದ ಧ್ವನಿಯನ್ನು ಮತ್ತೆ ಸೊನ್ನೆ-ಒಂದುಗಳಾಗಿಸುವುದು ಮೋಡೆಮ್ಮಿನ ಕೆಲಸ. ಸಂಪರ್ಕ ಕೂಡುವಾಗ ಕೇಳಿಬರುತ್ತಿದ್ದ ಕಿರ್‍ರೆಂಬ ಸದ್ದು ಎರಡು ಮೋಡೆಮ್‌ಗಳು ಪರಸ್ಪರ ವೇಗವನ್ನು ಗೊತ್ತುಮಾಡಿಕೊಳ್ಳುವ ಸಂಭಾಷಣೆ.

ಆದರೆ ಸಂಪರ್ಕ ಕೂಡದಿದ್ದಾಗ ಜನ ಬೈಯುತ್ತಿದ್ದುದು ಗಣಕಯಂತ್ರವನ್ನು. ದೋಷ ಬಹುಮಟ್ಟಿಗೆ ಬೇರೆಡೆ ಇರುತ್ತಿತ್ತು. ಇದಕ್ಕೂ ಒಂದು ಚರಿತ್ರೆಯುಂಟು. ಅಮೆರಿಕದಲ್ಲಿ ಶವಸಂಸ್ಕಾರದ ವೃತ್ತಿಯಲ್ಲಿದ್ದ ಸ್ಟ್ರೌಜರ್ ಎಂಬಾತ 1891ರಲ್ಲಿ ಸ್ವಯಂಚಾಲಿತ ಎಕ್ಸ್‌ಚೇಂಜಿಗೆ ಪೇಟೆಂಟ್ ಪಡೆದನು. 1948ರಲ್ಲಿ ಬೆಂಗಳೂರಿನ ದೂರವಾಣಿನಗರದಲ್ಲಿ ಸ್ಥಾಪನೆಯಾದ ಐ.ಟಿ.ಐ. ಕಾರ್ಖಾನೆ ನಮ್ಮ ದೇಶಕ್ಕೆ ಒದಗಿಸಿದ್ದು ಅದೇ ಮಾದರಿಯನ್ನು. ಅದು ಡಯಲು ತಿರುಗಿಸಿದಾಗ ಉಂಟಾಗುವ ಮಿಡಿತಗಳನ್ನು ಎಣಿಸುತ್ತಿತ್ತು. 1984ರಲ್ಲಿ ಸಿ-ಡಾಟ್ ಸ್ಥಾಪನೆಯಾದ ನಂತರ ದೇಶದಲ್ಲಿ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳು ಹೆಚ್ಚಿದವು. ಸ್ವರದಿಂದ ನಂಬರು ಒತ್ತುವ ಪದ್ಧತಿ ಹರಡಿತು. ಹಳೆಯ ಎಕ್ಸ್‌ಚೇಂಜಿಗೆ ಸ್ವರದಿಂದ ಡಯಲು ಮಾಡಿದರೆ ಅದಕ್ಕೆ ಕಿವಿಯೇ ಕೇಳಿಸದು! ಮೋಡೆಮ್ಮಿನ ‘ಟೋನ್’ ಬದಲಿಸಿ ‘ಪಲ್ಸ್’ ಮಾಡಿದರೆ ಕೆಲಸ ಆಗುತ್ತಿತ್ತು.

ಇದರಂತೆ ಉಳಿದ ದೋಷಗಳಿಗೂ ಒಂದು ಕ್ರಮವಿತ್ತು. ವಿಂಡೋಸ್ ತೋರಿಸುವ ಅಂಕಿಗಳೇ ದಾರಿ ಹೇಳುತ್ತಿದ್ದವು. 680 ಎಂದರೆ ಡಯಲ್ ಟೋನ್ ಇಲ್ಲ. ತಂತಿಯನ್ನು ಸಾದಾ ಫೋನಿಗೆ ಸಿಕ್ಕಿಸಿ ಕೇಳಬೇಕು. 676 ಎಂದರೆ ಲೈನು ಬಿಜಿ, ತಾಳ್ಮೆಯೇ ಮದ್ದು. 678 ಎಂದರೆ ಆ ಕಡೆಯ ಯಂತ್ರ ಉತ್ತರಿಸಲಿಲ್ಲ. 691 ಎಂದರೆ ಹೆಸರೋ ಗುಪ್ತಪದವೋ ತಪ್ಪು. ನಡುವೆ ಮನೆಯವರಾರಾದರೂ ಒಳಕೋಣೆಯ ಫೋನು ಎತ್ತಿದರೆ ಸಂಪರ್ಕ ತುಂಡಾಗುತ್ತಿತ್ತು. ಮಳೆಗಾಲದಲ್ಲಿ ಗುಡುಗು ಕೇಳಿದೊಡನೆ ತಂತಿ ಕಳಚಿಡುವುದು ವಿವೇಕ; ಸಿಡಿಲಿನ ಹೊಡೆತ ತಂತಿಯ ಮೂಲಕ ಬಂದು ಮೋಡೆಮ್ ಸುಟ್ಟುಹೋಗುವುದುಂಟು.

ಲೈನು ಸಿಕ್ಕರೂ ಕನ್ನಡ ಸಿಗುತ್ತದೆಂಬ ಭರವಸೆ ಇರಲಿಲ್ಲ. 1996ರಲ್ಲಿ ಯು. ಬಿ. ಪವನಜ ಅವರು ಅಂತರಜಾಲದಲ್ಲಿ ‘ವಿಶ್ವಕನ್ನಡ’ ಪತ್ರಿಕೆ ಆರಂಭಿಸಿದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ಪರನಾಡಿನ ಕನ್ನಡಿಗರಿಗೆ ಇದು ದೊಡ್ಡ ಉಪಕಾರ. ಆದರೆ ಆಗ ಒಂದೊಂದು ಫಾಂಟಿಗೆ ಒಂದೊಂದು ಸಂಕೇತ. ಸರಿಯಾದ ಫಾಂಟು ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು. 1991ರಲ್ಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಸಾಮಾನ್ಯರ ಯಂತ್ರಕ್ಕೆ ಅದು ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ.

2004ರ ಬ್ರಾಡ್‌ಬ್ಯಾಂಡ್ ನೀತಿ ಕನಿಷ್ಠ ವೇಗವನ್ನು 256 ಕಿಲೋಬಿಟ್ ಎಂದು ನಿಗದಿ ಮಾಡಿತು. ಅಲ್ಲಿಗೆ ಡಯಲ್-ಅಪ್ ಕಾಲ ಮುಗಿಯುತ್ತ ಬಂದಿತು. ಇಂದು ಆ ಹಳೆಯ ಯಂತ್ರವನ್ನು ಹೇಗೋ ಜಾಲಕ್ಕೆ ಜೋಡಿಸಿದರೂ ಹೆಚ್ಚಿನ ತಾಣಗಳು ತೆರೆಯುವುದಿಲ್ಲ. ಇಂದಿನ ತಾಣಗಳು ಬಳಸುವ ಗುಪ್ತಲಿಪಿಯ ವಿಧಾನ ಅದಕ್ಕೆ ತಿಳಿಯದು.

ಹಾಗೆಂದು ಅದನ್ನು ಗುಜರಿಯವನಿಗೆ ತೂಕಕ್ಕೆ ಹಾಕುವ ಮುನ್ನ ಒಂದು ಮಾತು. ಆ ಕಾಲದ ರಾಜ್ಯೋತ್ಸವದ ಸ್ಮರಣ ಸಂಚಿಕೆ, ಸದಸ್ಯರ ಪಟ್ಟಿ, ಹಿರಿಯರು ಬರೆದ ನೆನಪುಗಳು ಇಂಥ ಯಂತ್ರಗಳಲ್ಲೂ ಫ್ಲಾಪಿಗಳಲ್ಲೂ ಹಳೆಯ ಫಾಂಟುಗಳಲ್ಲಿ ಉಳಿದಿರಬಹುದು. ಅವನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳಿವೆ, ಯು.ಎಸ್.ಬಿ. ಫ್ಲಾಪಿ ಡ್ರೈವೂ ದೊರೆಯುತ್ತದೆ. ಆದರೆ ಫ್ಲಾಪಿಯ ಕಾಂತಶಕ್ತಿ ವರ್ಷ ಕಳೆದಂತೆ ಕುಂದುತ್ತದೆ. ಪರನಾಡಿನಲ್ಲಿ ನಮ್ಮ ಚರಿತ್ರೆಯನ್ನು ನಾವೇ ಕಾಯಬೇಕು. ಮನೆಯ ಅಟ್ಟದ ಮೇಲೆ ಅಂಥದೊಂದು ಪೆಟ್ಟಿಗೆ ಇರುವ ಬಂಧುಗಳು ಈ ಮಳೆಗಾಲಕ್ಕೆ ಮೊದಲೇ ಅದನ್ನು ಕೆಳಗಿಳಿಸಿ ನೋಡಬೇಕೆಂದು ನಮ್ಮ ವಿನಂತಿ.