ಹಳೆಯ ಕಂಪ್ಯೂಟರ್‌ಗಳ ಸಂಗ್ರಹ ಮತ್ತು ದುರಸ್ತಿ

ಬಳಕೆ ತಪ್ಪಿದ ಕಂಪ್ಯೂಟರ್‌ಗಳನ್ನು ಹುಡುಕಿ ತಂದು, ರಿಪೇರಿ ಮಾಡಿ, ಮತ್ತೆ ಓಡುವ ಸ್ಥಿತಿಗೆ ತರುವ ಹವ್ಯಾಸ; ಈಚಿನ ದಶಕಗಳಲ್ಲಿ ವಸ್ತುಸಂಗ್ರಹಾಲಯಗಳ ವೃತ್ತಿಯೂ ಹೌದು. ನಾಣ್ಯ ಪೆಟ್ಟಿಗೆಯೊಳಗಿದ್ದರೂ ನಾಣ್ಯವೇ. ಕಂಪ್ಯೂಟರ್ ಹಾಗಲ್ಲ, ಓಡದಿದ್ದರೆ ಅದು ಏನು ಮಾಡುತ್ತಿತ್ತೆಂದು ನೋಡುವವರಿಗೆ ತಿಳಿಯುವುದೇ ಇಲ್ಲ. ಓಡಿಸಬೇಕೆಂದರೆ ಬಿಡಿಭಾಗ ಬದಲಿಸಬೇಕು. ಬದಲಿಸಿದಷ್ಟೂ ಮೂಲವಸ್ತು ಕರಗುತ್ತ ಹೋಗುತ್ತದೆ. ಈ ಜಗ್ಗಾಟ ಈ ಹವ್ಯಾಸದ ಚರಿತ್ರೆಯುದ್ದಕ್ಕೂ ಇದೆ.

ಮೊದಮೊದಲು ಹಳೆಯ ಕಂಪ್ಯೂಟರ್ ಎಂದರೆ ಗುಜರಿ ಸಾಮಾನು, ಅಷ್ಟೆ. 1951ರಲ್ಲಿ ಅಮೆರಿಕದ ಎಂಐಟಿಯಲ್ಲಿ ಕೆಲಸ ಆರಂಭಿಸಿದ ವರ್ಲ್‌ವಿಂಡ್ ಕೂಡ 1970ರ ದಶಕದಲ್ಲಿ ಗುಜರಿಗೆ ಹೊರಟಿತ್ತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ರಾಬರ್ಟ್ ಎವರೆಟ್ ಮತ್ತು ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಕೆನ್ ಓಲ್ಸನ್ ಸೇರಿ ಅದರ ಭಾಗಗಳನ್ನು ಉಳಿಸಿಕೊಂಡರು. ಆ ಕಂಪನಿಯ ಆಶ್ರಯದಲ್ಲಿ 1979ರಲ್ಲಿ ಮಾರ್ಲ್‌ಬರೋದಲ್ಲಿ ಮ್ಯೂಸಿಯಂ ತೆರೆಯಿತು; ಮುಂದೆ ಅದು ಬಾಸ್ಟನ್ನಿಗೆ ಹೋಯಿತು. ಅದರ ಸಂಗ್ರಹವೇ ಇಂದು ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನ ತಳಪಾಯ.

ಯಂತ್ರಗಳನ್ನು ಓಡಿಸಿಯೇ ತೋರಿಸಬೇಕೆಂಬ ಹಟ ಹೆಚ್ಚಾಗಿ ಬೆಳೆದದ್ದು ಬ್ರಿಟನ್ನಿನಲ್ಲಿ. ಅಲ್ಲಿ 1989ರಲ್ಲಿ ಕಂಪ್ಯೂಟರ್ ಕನ್ಸರ್ವೇಶನ್ ಸೊಸೈಟಿ ಹುಟ್ಟಿತು. ಅದರ ಸ್ಥಾಪಕರಲ್ಲೊಬ್ಬರಾದ ಟೋನಿ ಸೇಲ್ 1993ರಲ್ಲಿ ಬ್ಲೆಚ್‌ಲಿ ಪಾರ್ಕ್‌ನಲ್ಲಿ ಕೊಲೋಸಸ್ ಮರುನಿರ್ಮಾಣಕ್ಕೆ ಕೈಹಾಕಿದರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಗೂಢಲಿಪಿ ಒಡೆದ ಈ ಯಂತ್ರಗಳನ್ನು ಯುದ್ಧ ಮುಗಿದ ಮೇಲೆ ಬಹುಮಟ್ಟಿಗೆ ಬಿಚ್ಚಿಹಾಕಲಾಗಿತ್ತು. ಸೇಲ್ ಅವರ ಕೈಗೆ ಸಿಕ್ಕಿದ್ದು ಕೆಲವು ಫೋಟೊಗಳು ಮತ್ತು ಎಂಜಿನಿಯರುಗಳು ನಿಯಮ ಮೀರಿ ಇಟ್ಟುಕೊಂಡಿದ್ದ ಸರ್ಕ್ಯೂಟ್ ನಕ್ಷೆಗಳ ತುಣುಕುಗಳು. ಅದೃಷ್ಟಕ್ಕೆ ಆಗ ಬ್ರಿಟನ್ನಿನ ಹಳೆಯ ಟೆಲಿಫೋನ್ ಎಕ್ಸ್‌ಚೇಂಜುಗಳು ಕಳಚಿ ಬೀಳುತ್ತಿದ್ದವು. ಬೇಕಾದ ರಿಲೇ, ಸ್ವಿಚ್ಚುಗಳು ಅಲ್ಲಿಂದ ಬಂದವು. 2007ರ ಹೊತ್ತಿಗೆ ಯಂತ್ರ ಪೂರ್ತಿಯಾಗಿ ಕೆಲಸ ಮಾಡಿತು. ಇದು ದುರಸ್ತಿಯಲ್ಲ, ಪುನರ್ನಿರ್ಮಾಣ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆ ದೃಷ್ಟಿಯಿಂದ ಅದೇ ಆವರಣದಲ್ಲಿರುವ ವಿಚ್ ಹೆಚ್ಚು ತೂಕದ್ದು: 1951ರ ಈ ಎರಡೂವರೆ ಟನ್ ಯಂತ್ರವನ್ನು ಅದರ ಮೂಲ ಡೆಕಟ್ರಾನ್ ಕೊಳವೆಗಳ ಸಮೇತ ದುರಸ್ತಿ ಮಾಡಿ 2012ರಲ್ಲಿ ಚಾಲೂ ಮಾಡಲಾಯಿತು.

ಮನೆಮನೆಯ ಹವ್ಯಾಸಿಗಳ ದಾರಿ ಬೇರೆ. 1975ರ ಆಲ್ಟೇರ್ 8800, 1977ರ ಆಪಲ್ 2, 1982ರ ಕಮಡೋರ್ 64 ಇವುಗಳ ಮುಂದೆ ಕೂತು ಬೆಳೆದ ಮಕ್ಕಳು ದುಡಿಯುವವರಾದ ಮೇಲೆ ಅವನ್ನೇ ಹುಡುಕಿಕೊಂಡು ಹೊರಟರು. 1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೊದಲ ವಿಂಟೇಜ್ ಕಂಪ್ಯೂಟರ್ ಫೆಸ್ಟಿವಲ್ ನಡೆಯಿತು. ಹಿಂದೆಯೇ ದುಡ್ಡೂ ಬಂತು. 1976ರಲ್ಲಿ 666.66 ಡಾಲರಿಗೆ ಮಾರಾಟಕ್ಕಿದ್ದ, ಸುಮಾರು ಇನ್ನೂರು ಮಾತ್ರ ತಯಾರಾದ ಆಪಲ್ 1ರ ಒಂದು ಬೋರ್ಡನ್ನು 2014ರ ಹರಾಜಿನಲ್ಲಿ ಹೆನ್ರಿ ಫೋರ್ಡ್ ಮ್ಯೂಸಿಯಂ 9,05,000 ಡಾಲರ್ ಕೊಟ್ಟು ಕೊಂಡಿತು. ಬೆಲೆಯ ಜೊತೆಗೆ ಮೋಸವೂ ಬೆಳೆಯಿತು: ಕಮಡೋರ್ 64ರ ಸಂಗೀತದ ಚಿಪ್ ಸಿಡ್ ಈಗ ತಯಾರಾಗುವುದಿಲ್ಲ, ಬೇರೆ ಚಿಪ್‌ಗಳ ಮೇಲೆ ಅದರ ನಂಬರು ಮುದ್ರಿಸಿ ಮಾರುವವರಿದ್ದಾರೆ.

ದುರಸ್ತಿಯ ವಿಷಯದಲ್ಲಿ ಅನುಭವಿಗಳು ಹೇಳುವ ಮೊದಲ ಮಾತು, ಸಿಕ್ಕಿದ ಕೂಡಲೇ ಸ್ವಿಚ್ ಹಾಕಬೇಡಿ ಎಂಬುದು. ಕಮಡೋರ್ 64ರ ಪವರ್ ಸಪ್ಲೈನಲ್ಲಿ ರೆಗ್ಯುಲೇಟರ್ ಕೆಟ್ಟರೆ 5 ವೋಲ್ಟ್ ಬರಬೇಕಾದಲ್ಲಿ ಹೆಚ್ಚು ಬಂದು ಮೆಮೊರಿ ಚಿಪ್‌ಗಳು ಸುಟ್ಟುಹೋಗುತ್ತವೆ. ಒಳಗೆ ಗಟ್ಟಿ ರಾಳ ತುಂಬಿರುವುದರಿಂದ ಅದನ್ನು ಬಿಚ್ಚಿ ನೋಡುವುದೂ ಕಷ್ಟ. ಮಲ್ಟಿಮೀಟರ್ ಹಿಡಿದು ಅಳೆದೇ ನಂಬಬೇಕು. 386, 486 ಕಾಲದ ಮದರ್‌ಬೋರ್ಡುಗಳ ಶತ್ರು ನಿಕಲ್-ಕ್ಯಾಡ್ಮಿಯಂ ಬ್ಯಾಟರಿ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಅದು ಸೋರಿ, ಹಸಿರು ಕಿಲುಬು ಹರಡಿ, ತಾಮ್ರದ ಟ್ರ್ಯಾಕುಗಳನ್ನು ತಿಂದುಹಾಕುತ್ತದೆ. ಸೋರಿದ್ದು ಕ್ಷಾರವಾದ್ದರಿಂದ ಬ್ಯಾಟರಿ ಕತ್ತರಿಸಿ ತೆಗೆದು, ಆ ಜಾಗವನ್ನು ವಿನಿಗರ್‌ನಿಂದ ಒರೆಸಿ, ಆಮೇಲೆ ತೊಳೆಯುತ್ತಾರೆ. 1990ರ ಆಸುಪಾಸಿನ ಮ್ಯಾಕಿಂಟಾಷ್‌ಗಳಲ್ಲಿ ಕಾಡುವುದು ಸಣ್ಣ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು: ಸೋರಿದ ಕೆಪಾಸಿಟರಿಗೆ ಸೋಲ್ಡರಿಂಗ್ ಐರನ್ ತಗುಲಿದೊಡನೆ ಮೀನಿನ ವಾಸನೆ ಏಳುತ್ತದೆ.

ಹಳದಿಗಟ್ಟಿದ ಪ್ಲಾಸ್ಟಿಕ್ಕಿನದು ಇನ್ನೊಂದು ಕಥೆ. 2008ರಲ್ಲಿ ಹವ್ಯಾಸಿಗಳು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬಿಳುಪು ತರುವ ವಿಧಾನ ಕಂಡುಕೊಂಡು ಅದಕ್ಕೆ ರೆಟ್ರೋಬ್ರೈಟ್ ಎಂದು ಹೆಸರಿಟ್ಟರು. ಕಣ್ಣಿಗೆ ಚೆಂದ; ಆದರೆ ಬಣ್ಣ ಮತ್ತೆ ಹಳದಿಗೆ ತಿರುಗುವುದುಂಟು, ಒಮ್ಮೊಮ್ಮೆ ಪಟ್ಟೆಪಟ್ಟೆಯಾಗಿಯೂ ಉಳಿಯುತ್ತದೆ. ಸಂರಕ್ಷಣೆಯ ಹೆಸರಿನಲ್ಲಿ ಇದನ್ನು ಮಾಡದಿರುವುದೇ ಲೇಸು.

ಭಾರತದಲ್ಲಿ ಹಳೆಯ ಯಂತ್ರಗಳ ದುರಸ್ತಿ ಒಂದು ಕಾಲಕ್ಕೆ ವ್ಯಾಪಾರವೇ ಆಗಿತ್ತು. ಐಬಿಎಂ 1959ರಲ್ಲಿ ಘೋಷಿಸಿದ 1401 ಯಂತ್ರಗಳನ್ನು ಕಂಪನಿ ಮುಂಬಯಿಯಲ್ಲಿ ನವೀಕರಿಸಿ ಇಲ್ಲಿಯ ಸಂಸ್ಥೆಗಳಿಗೆ ಬಾಡಿಗೆಗೆ ಕೊಡುತ್ತಿತ್ತು. 1978ರಲ್ಲಿ ಐಬಿಎಂ ದೇಶ ಬಿಟ್ಟಾಗ ಅದರ ಯಂತ್ರಗಳ ನಿರ್ವಹಣೆ ಸರ್ಕಾರಿ ಸ್ವಾಮ್ಯದ ಕಂಪ್ಯೂಟರ್ ಮೇಂಟೆನೆನ್ಸ್ ಕಾರ್ಪೊರೇಶನ್ನಿನ ಹೆಗಲಿಗೆ ಬಿತ್ತು. ಅದೇ 1401 ಮಾದರಿಯ ಎರಡು ಯಂತ್ರಗಳು, ಒಂದು ಜರ್ಮನಿಯದು, ಇನ್ನೊಂದು ಅಮೆರಿಕದ ಕನೆಕ್ಟಿಕಟ್‌ನದು, ಈಗ ಕ್ಯಾಲಿಫೋರ್ನಿಯಾದ ಮ್ಯೂಸಿಯಂನಲ್ಲಿ ಸಾರ್ವಜನಿಕರ ಮುಂದೆ ಕಾರ್ಡು ಓದಿ ಮುದ್ರಿಸುತ್ತಿವೆ. ನಿವೃತ್ತ ಎಂಜಿನಿಯರುಗಳು ಅವನ್ನು ದುರಸ್ತಿ ಮಾಡಿದರು.

ಬೆಂಗಳೂರಿನಲ್ಲಿ ವಿಪ್ರೊ 1980ರ ದಶಕದ ಆರಂಭದಲ್ಲೇ ಮಿನಿಕಂಪ್ಯೂಟರ್ ರೂಪಿಸಿತ್ತು. ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಐಸಿ, ಕೆಪಾಸಿಟರುಗಳನ್ನು ಬಿಡಿಬಿಡಿಯಾಗಿ ಕೊಳ್ಳಬಹುದು, ಬೋರ್ಡು ರಿಪೇರಿಯ ಕೈಗಳೂ ಅಲ್ಲಿವೆ. ಕೊರತೆ ಇರುವುದು ಯಂತ್ರಗಳದ್ದು. ಕಚೇರಿಗಳು ಬಿಸಾಡಿದ್ದು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತಿತ್ತು. 2012ರ ಮೇ ತಿಂಗಳಲ್ಲಿ ಇ-ತ್ಯಾಜ್ಯ ನಿಯಮಗಳು ಜಾರಿಗೆ ಬಂದ ಮೇಲೆ ದೊಡ್ಡ ಸಂಸ್ಥೆಗಳು ಅದನ್ನು ನೋಂದಾಯಿತ ಘಟಕಗಳಿಗೆ ಒಪ್ಪಿಸಬೇಕಾಯಿತು, ಅಲ್ಲಿ ಯಂತ್ರಗಳನ್ನು ಒಡೆದು ಲೋಹ ಬೇರ್ಪಡಿಸಲಾಗುತ್ತದೆ.