ಕೋಚ್ ಯಾರಾಗಬೇಕು: ಪ್ಯಾರಮಟ್ಟ ಅಭಿಮಾನಿಗಳ ವಾದ ಮತ್ತು ಅಧಿಕಾರ

ಸಿಡ್ನಿ ನಗರಕೇಂದ್ರದಿಂದ ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರ್ ದೂರದ ಹ್ಯಾರಿಸ್ ಪಾರ್ಕ್, ವಿಗ್ರಮ್ ಸ್ಟ್ರೀಟಿನ ದೋಸೆ, ಚಾಟ್ ಮತ್ತು ಸಿಹಿತಿಂಡಿಯ ಅಂಗಡಿಗಳಿಂದಾಗಿ ಇಂದು ‘ಲಿಟಲ್ ಇಂಡಿಯಾ’ ಎಂದೇ ಹೆಸರಾಗಿದೆ. ಆದರೆ ಸರ್ಜನ್ ಜಾನ್ ಹ್ಯಾರಿಸ್ 1793ರಲ್ಲಿ ಜೇಮ್ಸ್ ರೂಸ್ ಎಂಬ ಮಾಜಿ ಕೈದಿಯಿಂದ ಜಮೀನು ಕೊಂಡ ಕಾಲದಿಂದಲೂ ಅದು ಪ್ಯಾರಮಟ್ಟ ಪಟ್ಟಣದ ಮಗ್ಗುಲಿಗೆ ಅಂಟಿಕೊಂಡೇ ಬೆಳೆದ ನೆಲ. ಪ್ಯಾರಮಟ್ಟದ ಬೀದಿಗಳಲ್ಲಿ ಚಳಿಗಾಲದ ಉದ್ದಕ್ಕೂ ಕೇಳಿಬರುವ ಮಾತು ಒಂದೇ: ಊರಿನ ರಗ್ಬಿ ತಂಡವಾದ ಪ್ಯಾರಮಟ್ಟ ಈಲ್ಸ್‌ನ ಕೋಚ್ ಉಳಿಯಬೇಕೋ ಹೋಗಬೇಕೋ, ಮುಂದಿನ ವರ್ಷಕ್ಕೆ ಯಾವ ಆಟಗಾರರನ್ನು ಉಳಿಸಿಕೊಳ್ಳಬೇಕು ಎಂಬುದು. ಗೆಲುವು ಸೋಲುಗಳ ಪಟ್ಟಿಯಷ್ಟೇ ಈ ವಾದದ ಚರಿತ್ರೆಯಲ್ಲ. ಅಭಿಮಾನಿಗಳ ಮಾತಿಗೆ ಒಂದು ಕಾಲದಲ್ಲಿ ಮತದ ಬಲವಿತ್ತು, ಆ ಬಲವೇ ಕೆಲವೊಮ್ಮೆ ತಂಡವನ್ನು ಕೆಡಿಸಿದ್ದೂ ಉಂಟು.

ಇಲ್ಲಿ ಆಡುವುದು ರಗ್ಬಿ ಲೀಗ್. 1895ರಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು, ದುಡಿಮೆ ಬಿಟ್ಟು ಆಡಲು ಬರುವ ಕಾರ್ಮಿಕರಿಗೆ ಕೂಲಿ ತುಂಬಿಕೊಡಬೇಕೆಂಬ ಪ್ರಶ್ನೆಯ ಮೇಲೆ ಮೂಲ ರಗ್ಬಿ ಸಂಸ್ಥೆಯಿಂದ ಸಿಡಿದು ಕಟ್ಟಿಕೊಂಡ ಆಟವಿದು. ಮೂಲ ಆಟದಲ್ಲಿ ತಂಡಕ್ಕೆ 15 ಮಂದಿಯಾದರೆ ಇದರಲ್ಲಿ 13 ಮಂದಿ. ಚೆಂಡು ಹಿಡಿದ ತಂಡ ಆರು ಬಾರಿ ಎದುರಾಳಿಯ ಹಿಡಿತಕ್ಕೆ ಸಿಕ್ಕಿಬಿದ್ದರೆ ಚೆಂಡನ್ನು ಬಿಟ್ಟುಕೊಡಬೇಕು. 1908ರಲ್ಲಿ ಸಿಡ್ನಿಯ ಲೀಗ್ ಆರಂಭವಾದಾಗ ಪ್ಯಾರಮಟ್ಟ ಸೀಮೆಯ ಕಂಬರ್ಲ್ಯಾಂಡ್ ತಂಡ ಒಂದೇ ಒಂದು ಋತು ಆಡಿ ಮರೆಯಾಯಿತು. ಸೀಮೆಗೆ ತನ್ನದೇ ತಂಡ ದಕ್ಕಿದ್ದು 1947ರಲ್ಲಿ, ಮ್ಯಾನ್ಲಿ ತಂಡದ ಜೊತೆಜೊತೆಗೆ. ಆಯಾ ತಂಡ ಆಯಾ ಜಿಲ್ಲೆಯದು, ಅಲ್ಲಿ ನೆಲೆಸಿದವರೇ ಅದರ ಆಟಗಾರರು ಎಂಬ ತತ್ವದ ಮೇಲೆ ಲೀಗ್ ಕಟ್ಟಿದ್ದರಿಂದ, ತಂಡದ ಸೋಲು ಊರಿನ ಸೋಲಾಗಿಯೇ ಕಾಣುತ್ತಿತ್ತು.

ಸೋಲಿಗಂತೂ ಬರವಿರಲಿಲ್ಲ. 1956ರಿಂದ 1961ರವರೆಗೆ ಸತತ ಆರು ವರ್ಷ ತಂಡ ಪಟ್ಟಿಯ ತಳದಲ್ಲಿ ಉಳಿದು, ಕೊನೆಯ ಸ್ಥಾನಕ್ಕೆ ಅಲ್ಲಿ ಅಣಕದಿಂದ ಸಲ್ಲುವ ‘ಮರದ ಚಮಚ’ವನ್ನು ಆರು ಬಾರಿ ಹೊತ್ತಿತು, ಅದೇ 1956ರಲ್ಲಿ ಸೇಂಟ್ ಜಾರ್ಜ್ ತಂಡ ಸತತ 11 ಪ್ರಶಸ್ತಿಗಳ ಓಟವನ್ನು ಆರಂಭಿಸಿತ್ತು. ಆ ಗೆಲುವಿನ ಮನೆಯಿಂದಲೇ ಕೆನ್ ಕಿಯರ್ನಿಯನ್ನು 1962ರಲ್ಲಿ ಕೋಚ್ ಆಗಿ ಕರೆತಂದದ್ದೇ ತಡ, ಪ್ಯಾರಮಟ್ಟ ಮೊದಲ ಬಾರಿಗೆ ಪ್ಲೇಆಫ್ ಸುತ್ತು ತಲುಪಿತು. ಫುಲ್‌ಬ್ಯಾಕ್, ಅಂದರೆ ಎಲ್ಲರಿಗಿಂತ ಹಿಂದೆ ನಿಂತು ಕಾಯುವ ಸ್ಥಾನದಲ್ಲಿ, ಆಡಿದ ಕೆನ್ ಥಾರ್ನೆಟ್‌ಗೆ ಜನ ‘ಪ್ಯಾರಮಟ್ಟದ ಮೇಯರ್’ ಎಂಬ ಅಡ್ಡಹೆಸರಿಟ್ಟರು. ಒಬ್ಬ ಸರಿಯಾದ ಕೋಚ್ ಬಂದರೆ ಹಣೆಬರಹವೇ ಬದಲಾದೀತೆಂಬ ನಂಬಿಕೆ ಈ ಊರಿನಲ್ಲಿ ಬೇರೂರಿದ್ದು ಆ ವರ್ಷದಿಂದಲೇ ಎನ್ನಬಹುದು.

ಈ ನಂಬಿಕೆಗೆ ಕೈಕಾಲು ಬಂದದ್ದು ಲೀಗ್ಸ್ ಕ್ಲಬ್ ಎಂಬ ಸಂಸ್ಥೆಯಿಂದ. ಸದಸ್ಯರು ಅಲ್ಪ ಶುಲ್ಕ ಕಟ್ಟಿ ಸೇರಿ, ಊಟ ಮಾಡಿ, ಬಿಯರ್ ಕುಡಿದು, ನಾಣ್ಯ ಹಾಕಿ ಜೂಜಾಡುವ ಪೋಕರ್ ಯಂತ್ರಗಳ ಮುಂದೆ ಕೂರುವ ಜಾಗ ಅದು. ನ್ಯೂ ಸೌತ್ ವೇಲ್ಸ್ ಸರ್ಕಾರ 1956ರಲ್ಲಿ ಕ್ಲಬ್ಬುಗಳಲ್ಲಿ ಈ ಯಂತ್ರಗಳನ್ನು ಕಾನೂನುಬದ್ಧಗೊಳಿಸಿದ ಮೇಲೆ ಅವುಗಳ ಲಾಭವೇ ರಗ್ಬಿ ತಂಡಗಳನ್ನು ಸಾಕಿತು. ಕ್ಲಬ್ಬಿನ ಆಡಳಿತ ಮಂಡಳಿಯನ್ನು ಆರಿಸುವವರು ಸದಸ್ಯರು, ತಂಡದ ಖರ್ಚು ಹೊರುವುದು ಆ ಕ್ಲಬ್ಬು. ಹೀಗಾಗಿ ಬಾರಿನ ಮೇಜಿನಲ್ಲಿ ಹುಟ್ಟಿದ ‘ಕೋಚನ್ನು ಕಿತ್ತುಹಾಕಿ’ ಎಂಬ ಮಾತು ಮತಪೆಟ್ಟಿಗೆಯವರೆಗೆ ಸಾಗಬಲ್ಲದಾಗಿತ್ತು. ಆರ್‌ಸಿಬಿ ಅಭಿಮಾನಿಗಳು 2025ರ ಮೊದಲ ಕಪ್ಪಿಗಾಗಿ 18 ಋತು ಕಾದಾಗ ಕೋಚ್ ಮತ್ತು ಹರಾಜಿನ ಬಗ್ಗೆ ಎಷ್ಟೇ ವಾದಿಸಿದರೂ ಫ್ರಾಂಚೈಸಿಯ ಮಾಲೀಕರನ್ನು ಮತ ಹಾಕಿ ಇಳಿಸುವ ದಾರಿ ಅವರಿಗಿರಲಿಲ್ಲ, ಪ್ಯಾರಮಟ್ಟದವರಿಗೆ ಇತ್ತು.

1981ರಲ್ಲಿ ಬಂದ ಜ್ಯಾಕ್ ಗಿಬ್ಸನ್ ಎದುರು ಮಾತ್ರ ಆ ವಾದ ಕೆಲಕಾಲ ಬಾಯಿ ಮುಚ್ಚಿತು. 1974 ಮತ್ತು 1975ರಲ್ಲಿ ಈಸ್ಟರ್ನ್ ಸಬರ್ಬ್ಸ್ ತಂಡಕ್ಕೆ ಪ್ರಶಸ್ತಿ ಗೆದ್ದುಕೊಟ್ಟಿದ್ದ ಗಿಬ್ಸನ್, ಅಮೆರಿಕನ್ ಫುಟ್‌ಬಾಲಿನ ಶಿಬಿರಗಳಲ್ಲಿ ಕಂಡ ಪದ್ಧತಿಗಳನ್ನು ತಂದು, ಯಾವ ಆಟಗಾರ ಎಷ್ಟು ಬಾರಿ ಎದುರಾಳಿಯನ್ನು ಕೆಡವಿದ, ಎಷ್ಟು ಬಾರಿ ತಪ್ಪಿದ ಎಂದು ಎಣಿಸಿ ಬರೆದಿಡುವ ಕ್ರಮವನ್ನು ನೆಲೆಗೊಳಿಸಿದ. ರೇ ಪ್ರೈಸ್, ಮಿಕ್ ಕ್ರೋನಿನ್, ಪೀಟರ್ ಸ್ಟರ್ಲಿಂಗ್, ಬ್ರೆಟ್ ಕೆನ್ನಿ ಮುಂತಾದವರ ಬಳಗ ಅದಾಗಲೇ ಕೂಡಿತ್ತು. 1976 ಮತ್ತು 1977ರಲ್ಲಿ ತಂಡ ಫೈನಲ್ ತಲುಪಿ ಸೋತಿತ್ತು ಎಂಬುದನ್ನು ಮರೆತು ಎಲ್ಲ ಶ್ರೇಯಸ್ಸನ್ನೂ ಗಿಬ್ಸನ್‌ಗೆ ಕೊಡುವ ವಾಡಿಕೆ ಪೂರ್ತಿ ನ್ಯಾಯವಾದುದಲ್ಲ. 1981ರ ಫೈನಲಿನಲ್ಲಿ ನ್ಯೂಟೌನ್ ತಂಡವನ್ನು 20–11ರಿಂದ ಮಣಿಸಿ ಮೊದಲ ಪ್ರಶಸ್ತಿ ಗೆದ್ದ ರಾತ್ರಿ, ಸಂಭ್ರಮದ ಅಮಲಿನಲ್ಲಿದ್ದ ಅಭಿಮಾನಿಗಳು ತಮ್ಮದೇ ಕಂಬರ್ಲ್ಯಾಂಡ್ ಓವಲಿನ ಹಳೆಯ ಗ್ಯಾಲರಿಗೆ ಬೆಂಕಿ ಇಟ್ಟರು. ಪರಿಣಾಮವಾಗಿ 1982ರಿಂದ 1985ರವರೆಗೆ ತಂಡ ಬೆಲ್ಮೋರ್ ಮೈದಾನವನ್ನು ತವರಾಗಿಸಿಕೊಂಡು, ಕ್ಯಾಂಟರ್ಬರಿ ತಂಡದ ಸೀಮೆಯಲ್ಲಿ ಆಡಬೇಕಾಯಿತು. 1982 ಮತ್ತು 1983ರಲ್ಲೂ ಪ್ರಶಸ್ತಿ ಬಂತು. ಗಿಬ್ಸನ್ ಹೋದ ಮೇಲೆ ಜಾನ್ ಮೋನಿಯ ಕೈಕೆಳಗೆ 1986ರಲ್ಲಿ, ಪ್ಯಾರಮಟ್ಟ ಸ್ಟೇಡಿಯಂ ತೆರೆದ ವರ್ಷವೇ, ಕ್ಯಾಂಟರ್ಬರಿಯನ್ನು 4–2ರಿಂದ ಸೋಲಿಸಿ ನಾಲ್ಕನೆಯದು ದಕ್ಕಿತು. ಎರಡೂ ತಂಡದವರು ಒಂದೂ ‘ಟ್ರೈ’, ಎಂದರೆ ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತಿ ಪಡೆಯುವ ಅಂಕ, ಗಳಿಸದೆ ಮುಗಿದ ಮೊದಲ ಫೈನಲ್ ಅದು. ಆ ನಂತರ ಪ್ರಶಸ್ತಿ ಬಂದಿಲ್ಲ.

1997ರಿಂದ 2006ರವರೆಗೆ ಕೋಚ್ ಆಗಿದ್ದ ಬ್ರಯನ್ ಸ್ಮಿತ್ ಬಗೆಗಿನ ವಾದ ಇಂದಿಗೂ ತಣಿದಿಲ್ಲ. 2001ರಲ್ಲಿ ಲೀಗ್ ಹಂತದ ಅಗ್ರಸ್ಥಾನ ಪಡೆದ ತಂಡ ಫೈನಲಿನಲ್ಲಿ ನ್ಯೂಕಾಸಲ್‌ಗೆ 30–24ರಿಂದ ಸೋತಿತು. 2005ರಲ್ಲಿ ಮತ್ತೆ ಅಗ್ರಸ್ಥಾನ ಪಡೆದು, ಫೈನಲಿಗೆ ಒಂದು ಹೆಜ್ಜೆ ಮೊದಲು ನಾರ್ತ್ ಕ್ವೀನ್ಸ್‌ಲ್ಯಾಂಡ್ ಎದುರು 29–0ರಿಂದ ನೆಲಕಚ್ಚಿತು. ತಂಡವನ್ನು ಕಟ್ಟಬಲ್ಲವನು, ಆದರೆ ಕೊನೆಯ ಪಂದ್ಯ ಗೆಲ್ಲಲಾರದವನು ಎಂಬ ಷರಾ ಸ್ಮಿತ್‌ಗೆ ಅಂಟಿತು. ಒಂದೆರಡು ಪಂದ್ಯಗಳ ಮೇಲೆ ಹತ್ತು ವರ್ಷದ ಕೆಲಸವನ್ನು ತೂಗುವುದು ಕ್ರೂರವೇ ಸರಿ, ಆದರೆ ಅಭಿಮಾನಿಗಳ ತಕ್ಕಡಿ ಹಾಗೆಯೇ ತೂಗುವುದು.

2009 ಎಲ್ಲ ಬಗೆಯಲ್ಲೂ ಗಡಿರೇಖೆಯ ವರ್ಷ. ಮಾಜಿ ಆಟಗಾರ ಡೆನಿಸ್ ಫಿಟ್ಸ್‌ಜೆರಾಲ್ಡ್ ಮೂರು ದಶಕದಷ್ಟು ಕಾಲ ನಡೆಸಿದ್ದ ಆಡಳಿತ, ಲೀಗ್ಸ್ ಕ್ಲಬ್ ಚುನಾವಣೆಯಲ್ಲಿ ರಾಯ್ ಸ್ಪಾನ್ಯೊಲೊ ಗುಂಪಿನ ಎದುರು ಉರುಳಿತು. ಹ್ಯಾರಿಸ್ ಪಾರ್ಕಿನ ಬೀದಿಗಳಲ್ಲಿ ಭಾರತೀಯ ವಿದ್ಯಾರ್ಥಿಗಳು ತಮ್ಮ ಮೇಲಿನ ಹಲ್ಲೆಗಳನ್ನು ಖಂಡಿಸಿ ಪ್ರತಿಭಟನೆಗಿಳಿದದ್ದೂ ಆ ವರ್ಷದ ಜೂನ್‌ನಲ್ಲೇ. ಎರಡು ಕಿಲೋಮೀಟರಿನ ಒಳಗೆ ನಡೆದ ಈ ಎರಡು ಗದ್ದಲಗಳಿಗೆ ಪರಸ್ಪರ ಸುಳಿವೇ ಇದ್ದಂತಿಲ್ಲ. ಋತುವಿನ ಕೊನೆಗೆ ಡೇನಿಯಲ್ ಆ್ಯಂಡರ್ಸನ್ ತರಬೇತಿಯ ತಂಡ ಅನಿರೀಕ್ಷಿತವಾಗಿ ಫೈನಲ್ ತಲುಪಿ ಮೆಲ್ಬರ್ನ್ ಸ್ಟಾರ್ಮ್‌ಗೆ 23–16ರಿಂದ ಸೋತಿತು. ಮರುವರ್ಷ, ಆಟಗಾರರ ಒಟ್ಟು ಸಂಬಳಕ್ಕೆ ಲೀಗ್ ಹಾಕಿದ ಮಿತಿಯಾದ ‘ಸ್ಯಾಲರಿ ಕ್ಯಾಪ್’ ಮೀರಿದ್ದಕ್ಕೆ ಮೆಲ್ಬರ್ನಿನ ಆ ಪ್ರಶಸ್ತಿಯನ್ನು ಕಿತ್ತುಕೊಳ್ಳಲಾಯಿತಾದರೂ ಅದು ಪ್ಯಾರಮಟ್ಟಕ್ಕೆ ಸಲ್ಲಲಿಲ್ಲ, ಖಾಲಿಯೇ ಉಳಿಯಿತು. ಹೊಸ ಮಂಡಳಿ 2010ರಲ್ಲಿ ಆ್ಯಂಡರ್ಸನ್‌ನನ್ನು ತೆಗೆಯಿತು. ಸ್ಟೀಫನ್ ಕಿಯರ್ನಿ ಬಂದು ಹೋದ. 2013ರಲ್ಲಿ ರಿಕಿ ಸ್ಟುವರ್ಟ್ ಬಂದು, ಮುಂದಿನ ವರ್ಷಕ್ಕೆ ಬೇಡವಾದ ಸುಮಾರು ಹನ್ನೆರಡು ಆಟಗಾರರ ಹೆಸರನ್ನು ತಂಡದ ಸಭೆಯಲ್ಲೇ ಪರದೆಯ ಮೇಲೆ ತೋರಿಸಿ, ಋತು ಮುಗಿದೊಡನೆ ತಾನೇ ಕ್ಯಾನ್‌ಬೆರಾಗೆ ಹೊರಟ. 2012 ಮತ್ತು 2013ರ ಮರದ ಚಮಚಗಳು ಈ ಗೊಂದಲದ ಫಲ. ಮಂಡಳಿ ಬದಲಾದರೆ ಕೋಚ್ ಬದಲಾಗಬೇಕು, ಕೋಚ್ ಬದಲಾದರೆ ಬಳಗ ಬದಲಾಗಬೇಕು ಎಂಬ ಸರಪಳಿಯಲ್ಲಿ ಯಾವ ಕೋಚಿಗೂ ತಾನೇ ಆರಿಸಿದ ತಂಡ ಪೂರ್ತಿಯಾಗಿ ಸಿಗಲಿಲ್ಲ.

ಮೆಲ್ಬರ್ನಿನ ತಪ್ಪೇ 2016ರಲ್ಲಿ ಪ್ಯಾರಮಟ್ಟದಲ್ಲೂ ಬಯಲಾಯಿತು. ಸಂಬಳದ ಮಿತಿಯನ್ನು ಹಲವು ವರ್ಷ ಮೀರಿದ್ದಕ್ಕೆ 12 ಅಂಕ ಕಡಿತ, 10 ಲಕ್ಷ ಡಾಲರ್ ದಂಡ ಬಿತ್ತು. ಆ ಅಂಕಗಳು ಉಳಿದಿದ್ದರೆ ತಂಡ ಪ್ಲೇಆಫ್ ತಲುಪುತ್ತಿತ್ತು. ರಾಜ್ಯ ಸರ್ಕಾರ ಲೀಗ್ಸ್ ಕ್ಲಬ್ಬಿನ ಚುನಾಯಿತ ಮಂಡಳಿಯನ್ನು ವಜಾ ಮಾಡಿ ಆಡಳಿತಾಧಿಕಾರಿಯನ್ನು ನೇಮಿಸಿತು. ಬಣಗಳ ಚುನಾವಣಾ ಕಾಳಗ ಅಲ್ಲಿಗೆ ನಿಂತಿತು, ಜೊತೆಗೆ ಅಭಿಮಾನಿಯ ಮತಕ್ಕಿದ್ದ ಹರಿತವೂ ಹೋಯಿತು. ಇದರ ಲಾಭ ಪಡೆದವನು 2014ರಿಂದ ಕೋಚ್ ಆಗಿದ್ದ ಬ್ರ್ಯಾಡ್ ಆರ್ಥರ್: 2018ರಲ್ಲಿ ತಂಡ ತಳ ಸೇರಿದಾಗಲೂ ಹುದ್ದೆ ಉಳಿಯಿತು, 2019ರಲ್ಲಿ ಹೊಸ ಸ್ಟೇಡಿಯಂ ತೆರೆದು, ತಂಡ ಸತತ ನಾಲ್ಕು ವರ್ಷ ಪ್ಲೇಆಫ್ ಆಡಿ, 2022ರ ಫೈನಲಿನಲ್ಲಿ ನೆರೆಯ ಪೆನ್ರಿತ್‌ಗೆ 28–12ರಿಂದ ಸೋತಿತು.

ಈ ತಂಡದ ಹಾಫ್‌ಬ್ಯಾಕ್, ಅಂದರೆ ಆಟದ ನಡೆಯನ್ನು ನಿರ್ದೇಶಿಸುವವನು, ಮಿಚೆಲ್ ಮೋಸೆಸ್. ಲೆಬನಾನಿ ಮೂಲದ ಮೋಸೆಸ್ 2022ರ ವಿಶ್ವಕಪ್‌ನಲ್ಲಿ ಲೆಬನಾನ್ ತಂಡದ ನಾಯಕನೂ ಆಗಿದ್ದ. ಅದಕ್ಕೂ ಮುನ್ನ ಈಲ್ಸ್ ನಾಯಕತ್ವ ವಹಿಸಿದ್ದ ಟಿಮ್ ಮನಾ ಕೂಡ ಲೆಬನಾನಿ ಮೂಲದವನೇ. ಭಾರತೀಯರು ನೆಲೆಸುವ ಮುನ್ನ ಹ್ಯಾರಿಸ್ ಪಾರ್ಕಿಗೆ ಚಹರೆ ಕೊಟ್ಟವರು ಲೆಬನಾನಿನ ಮ್ಯಾರೊನೈಟ್ ಕ್ರೈಸ್ತರು, ಅವರ ಅವರ್ ಲೇಡಿ ಆಫ್ ಲೆಬನಾನ್ ಇಗರ್ಜಿ ಇನ್ನೂ ಅಲ್ಲೇ ಇದೆ. ವಲಸೆ ಬಂದವರ ಮಕ್ಕಳು ಊರಿನ ವಾದದಲ್ಲಿ ಮಾತಾಡುವವರಾಗಿ ಮಾತ್ರವಲ್ಲ, ಮಾತಿನ ವಿಷಯವಾಗಿಯೂ ಸೇರಿಕೊಳ್ಳುವುದು ಹೀಗೆ.

2024ರ ಮೇನಲ್ಲಿ ಆರ್ಥರ್‌ನನ್ನು ಕೈಬಿಟ್ಟು, ಮೆಲ್ಬರ್ನ್ ಸ್ಟಾರ್ಮ್‌ನ ಸಹಾಯಕ ಕೋಚ್ ಜೇಸನ್ ರೈಲ್ಸ್‌ನನ್ನು 2025ರಿಂದ ನೇಮಿಸಲಾಯಿತು. ರೈಲ್ಸ್‌ನ ಮೊದಲ ಪಂದ್ಯವೇ ಮೆಲ್ಬರ್ನಿನಲ್ಲಿ ಹಳೆಯ ತಂಡದ ಎದುರು ನಡೆದು ಈಲ್ಸ್ 56–18ರಿಂದ ಸೋತಿತು. ಅದೇ ಮಾರ್ಚ್‌ನಲ್ಲಿ ಈಲ್ಸ್ ಆಟಗಾರ ಡಿಲನ್ ಬ್ರೌನ್, 2026ರಿಂದ ನ್ಯೂಕಾಸಲ್‌ಗೆ ಆಡಲು ಹತ್ತು ವರ್ಷದ ಕರಾರಿಗೆ ಒಪ್ಪಿದ. ಬ್ರೌನ್‌ನ ಹಳೆಯ ಕರಾರು 2031ರವರೆಗೆ ಸಾಗಬಹುದಾಗಿತ್ತು, ಆದರೆ ನಡುವೆ ಬಿಟ್ಟುಹೋಗುವ ಆಯ್ಕೆಯನ್ನು ಅದು ಆಟಗಾರನ ಕೈಗೇ ಕೊಟ್ಟಿತ್ತು. ಹಾಗಾಗಿ ಈಗಿನ ವಾದದಲ್ಲಿ ಕೋಚಿನ ಹೆಸರಿನಷ್ಟೇ ಈ ಷರತ್ತೂ ಕೇಳಿಬರುತ್ತದೆ: ಆ ಷರತ್ತಿಗೆ ಒಪ್ಪಿದವರಾರು, ಒಪ್ಪದಿದ್ದರೆ ಬ್ರೌನ್ 2022ರಲ್ಲೇ ಹೋಗುತ್ತಿದ್ದನೇ, ಅಷ್ಟು ದೊಡ್ಡ ಸಂಬಳ ಕ್ಯಾಪಿನಿಂದ ಇಳಿದ ಮೇಲೆ ಉಳಿಯುವ ಹಣದಲ್ಲಿ ರೈಲ್ಸ್ ಯಾರನ್ನು ತರಬೇಕು ಎಂದು.